ಮಾವನ ಬುಟ್ಟಿ

ಪ್ರವಾಸಿ ಹಡಗು ದಕ್ಷಿಣ ಕಡಲಿನ ಎಂಡರ್‌ಬಿ ದ್ವೀಪದೆದುರು ಲಂಗರು ಹಾಕಿದ ಬೆಳಿಗ್ಗೆಯೇ, ಹಡಗಿನಲ್ಲಿ ಇಲಿ ತಪಾಸಣೆಯ ಕೆಲಸದ ರೀಪೆಕಾಳಿಗೆ ಉಗ್ರಾಣದ ಮೂಲೆಯಲ್ಲಿಟ್ಟಿದ್ದ ಮೇಣದ ತುಂಡಿನ ಮೇಲೆ ಎರಡು ಗೀರು ಕಂಡವು. ಶೇಂಗಾ ಬೆರೆಸಿದ ಆ ಮೇಣವನ್ನು ಇಡುವುದೇ ಇಲಿಯಿದ್ದರೆ ಕಚ್ಚಿ ಗುರುತು ಬೀಳಲಿ ಎಂದು. ಹಡಗಿನಲ್ಲಿ ಇಲಿಯಿದ್ದರೆ ಯಾರೂ ದಡಕ್ಕಿಳಿಯುವಂತಿಲ್ಲ. ಒಂದು ಬಸುರಿ ಇಲಿ ದಾಟಿದರೂ ಸಾಕು, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಕುಲವೇ ಅಳಿಯುತ್ತದೆ. ಅವಳ ಅಜ್ಜಿಯ ಕಾಲದಲ್ಲಿ ಅವರ ಮೂಲನಿವಾಸಿ ಕುಲದ್ದೇ ಹಕ್ಕಿದ್ವೀಪವೊಂದು ಹಾಗೇ ಮೂಕವಾಗಿತ್ತು.

ಪ್ರವಾಸ ತಂಡದ ನಾಯಕ ಕಾಲ್ಡರ್ ನಕ್ಕ. ಅಡುಗೆಯವರ ಚಾಕು ತಾಗಿರಬೇಕು ಎಂದ. ಅವಳು ಮತ್ತೆ ಹೋಗಿ ನೋಡಿದರೆ ಮೇಣ ನುಣ್ಣಗಿತ್ತು, ಯಾರೋ ಹೊಸದನ್ನಿಟ್ಟಿದ್ದರು.

ಅಲ್ಲಿಂದ ಅವಳಿಗೆ ಎಲ್ಲರ ಮೇಲೂ ಗುಮಾನಿ. ಪೆಂಗ್ವಿನ್ ನೋಡಲು ಒಂದು ಮನೆಯ ಬೆಲೆ ತೆತ್ತು ಬಂದಿದ್ದವರ ಚೀಲಗಳನ್ನೆಲ್ಲ ಜಾಲಾಡಿದಳು, ಅಡುಗೆಯವರ ಪೆಟ್ಟಿಗೆ ಬಿಚ್ಚಿಸಿದಳು. ಮೇಣದ ಪಕ್ಕದಲ್ಲೇ ಇದ್ದ ಒಂದು ನಾರಿನ ಬುಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ಅದು ತಿಯೋನೆ ಮಾವನದು. ದ್ವೀಪ ಮುಟ್ಟುವ ಮುನ್ನ ಪ್ರಾರ್ಥನೆ ಹೇಳಲೆಂದು ಕಂಪನಿ ಕರೆತಂದಿದ್ದ ಅವಳ ಕುಲದ ಹಿರಿಯ ಅವನು, ಊರಿಗೆಲ್ಲ ಮಾವ. ಉಪ್ಪು ಹಾಕಿದ ತೀತೀ ಎಂಬ ಕಡಲಹಕ್ಕಿಯ ಮಾಂಸವನ್ನು ಉಡುಗೊರೆಗೆಂದು ಅದರಲ್ಲಿ ತಂದಿದ್ದ. ಹಿರಿಯರ ಉಡುಗೊರೆಯನ್ನು ಕೆದಕುವ ರೂಢಿ ಅವರಲ್ಲಿಲ್ಲ.

ಕಾಲ್ಡರ್ ಅವಳನ್ನು ಪಕ್ಕಕ್ಕೆ ಕರೆದ. "ನಿಮ್ಮ ಮಾವನ ಬುಟ್ಟಿ ಅಡಿ ನೋಡು, ಇಲಿ ಗೂಡು ಕಟ್ಟಿದೆ. ನಾನು ಬಾಯಿ ಮುಚ್ಕೊಂಡಿದೀನಿ. ನೀನೂ ಮುಚ್ಕೋ. ಇಲ್ಲಾಂದ್ರೆ ಹೆಸರು ಕೆಡೋದು ನಿಮ್ಮ ಜನದ್ದೇ."

ಅಂದರೆ ಮೇಣ ಬದಲಿಸಿದವನು ಇವನೇ. ಇಲಿ ಇದೆಯೆಂದು ಗೊತ್ತಿದ್ದೂ ದೋಣಿ ಇಳಿಸಲು ಹೊರಟಿದ್ದಾನೆ.

ಅವಳು ಎಲ್ಲವನ್ನೂ ಮಾವನ ಮುಂದೆ ಹೇಳಿದಳು. ಮುದುಕ ತಲೆಯೆತ್ತಿ ಕೇಳಿದ.

"ನನ್ನ ಬುಟ್ಟೀನ ಯಾಕೆ ಬಿಟ್ಟೆ?"

"ನಿಮ್ದು ಮಾವ. ಹೆಂಗೆ ಮುಟ್ಲಿ?"

"ಹಿರೇರು ಕಿರೇರು ಅಂತ ಇಲಿಗೆ ಗೊತ್ತೇನೇ, ಪೆದ್ದಿ?"

ಜೀವರಕ್ಷಕ ಅಂಗಿ ತೊಟ್ಟು, ಕ್ಯಾಮೆರಾ ಹಿಡಿದು ಪ್ರಯಾಣಿಕರು ಹಡಗಿನ ಅಟ್ಟದ ಮೇಲೆ ಪ್ರಾರ್ಥನೆಗೆ ಕಾಯುತ್ತಿದ್ದರು. ತಿಯೋನೆ ಅವರ ಮುಂದೆ ಬುಟ್ಟಿಯನ್ನು ಬೋರಲು ಹಾಕಿದ. ಮಾಂಸದ ಜೊತೆ ಕಚ್ಚಿದ ನಾರಿನ ಚೂರು, ಇಲಿಯ ಹಿಕ್ಕೆ ಉದುರಿದವು.

"ಇಲಿ ನನ್ನ ಬುಟ್ಟೀಲೇ ಬಂದಿದೆ. ಇವತ್ತು ಯಾರೂ ಇಳಿಯೋಹಂಗಿಲ್ಲ."

ಒಬ್ಬ ಹೆಂಗಸು ತನ್ನ ಚೀಲವನ್ನು ಅವನಿಂದ ದೂರ ಎಳೆದುಕೊಂಡಳು. ಈ ಜನವೇ ಹೀಗೆ ಎಂದು ಯಾರೋ ಗೊಣಗಿದರು. ಕಾಲ್ಡರ್ ಕಡೆಗೆ ಒಬ್ಬರೂ ತಿರುಗಿ ನೋಡಲಿಲ್ಲ. ರೀಪೆಕಾ ಆಗ ಬಾಯಿಬಿಟ್ಟಳು. ಮೇಣ ಬದಲಿಸಿದ್ದು ಯಾರೆಂದು ಎಲ್ಲರೆದುರು ಹೇಳಿದಳು. ನಂಬಿದವರೆಷ್ಟೋ, ಬಿಟ್ಟವರೆಷ್ಟೋ. ದೋಣಿಗಳಂತೂ ಕೆಳಗಿಳಿಯಲಿಲ್ಲ.

ಅಂದು ಸಂಜೆ ಅವಳು ಯಾರನ್ನೂ ಬಿಡದೆ ಪ್ರತಿ ಕೋಣೆಗೂ ಹೊಸ ಮೇಣ ಇಡುತ್ತ ಬಂದಳು. ಮೊದಲು ಮಾವನ ಬಾಗಿಲಿಗೆ, ಆಮೇಲೆ ಕಾಲ್ಡರನ ಬಾಗಿಲಿಗೆ.