ಬಾಡಿಗೆ ಸಾರಿದ ಹಲಗೆ

ನಾನು ತೇಗದ ಹಲಗೆ. ಬಾದಾಮಿಯ ಬಡಿಗನೊಬ್ಬ ಬಾಗಿಲು ಮಾಡಿ ಮಿಕ್ಕ ತುಂಡಿನಲ್ಲಿ ಹುಟ್ಟಿದವನು. ಮೈಗೆ ಕಪ್ಪು ಬಳಿದು, ಬಸ್ ನಿಲ್ದಾಣದೆದುರಿನ ಲಾಡ್ಜಿನ ಬಾಗಿಲಿಗೆ ತೂಗುಹಾಕಿದರು. ಕೋಣೆಯ ಬಾಡಿಗೆ ಸಾರುವುದೇ ನನ್ನ ಕೆಲಸ. ಯಜಮಾನ ಶಿವಲಿಂಗಪ್ಪ ಬರೆದ ಐನೂರರ ಅಂಕಿ ವರ್ಷಗಟ್ಟಲೆ ಅಲುಗಲಿಲ್ಲ. ಅದರ ಮೇಲೆ ಜೇಡವೊಂದು ಸಂಸಾರ ಹೂಡಿ ಮೊಮ್ಮಕ್ಕಳ ಮದುವೆಯನ್ನೂ ಮುಗಿಸಿತು.

ಯಜಮಾನ ತೀರಿಕೊಂಡ ಮೇಲೆ ಸೀಮೆಸುಣ್ಣ ಹೆಂಡತಿ ನೀಲಗಂಗವ್ವನ ಕೈಗೆ ಬಂತು. ನನ್ನ ನೆಮ್ಮದಿ ಅಂದೇ ಹೋಯಿತು.

"ಈ ಚಳಿಗಾಲದಾಗ ಕೋಣಿ ತುಂಬಲಿಲ್ಲಂದ್ರ ಸಿಮೆಂಟ್ ಗೋದಾಮ ಮಾಡೂದ ನೋಡ್ರಿ, ವೈನಿ," ಎಂದಿದ್ದ, ಲಾಡ್ಜಿನಲ್ಲಿ ಅರ್ಧ ಪಾಲಿದ್ದ ಮೈದುನ ರಾಚಪ್ಪ.

ಗುಹೆ ನೋಡುವವರ ಹಂಗಾಮು ಬಂತು. ಬೇರೆ ಲಾಡ್ಜಿನವರು ಬಾಡಿಗೆ ಏರಿಸಿದರೆಂದು ನೀಲಗಂಗವ್ವ ಐನೂರು ಅಳಿಸಿ ಸಾವಿರದ ಇನ್ನೂರು ಬರೆದಳು. ಬಸ್ಸಿಳಿದವರು ನನ್ನನ್ನು ಓದಿ, ಹಾವು ಕಂಡವರಂತೆ ಪಕ್ಕದ ಲಾಡ್ಜಿಗೆ ಹಾರಿದರು. ಮಧ್ಯಾಹ್ನ ಎಂಟುನೂರು, ಸಂಜೆ ಐನೂರು, ಮರುದಿನ ಇನ್ನೂರು. ಒರೆಸಿ ಒರೆಸಿ ನಾನು ಹಪ್ಪಳದಷ್ಟು ತೆಳ್ಳಗಾದೆ.

ಇನ್ನೂರಕ್ಕಾದರೂ ಜನ ಮುಗಿಬೀಳಬೇಡವೇ? ಹುಬ್ಬಳ್ಳಿಯ ದಂಪತಿ ನಿಂತು ಓದಿದರು.

"ಇಷ್ಟ್ ಅಗ್ಗ ಯಾಕ? ತಗಣಿ ಅದಾವೇನ್ ಮತ್ತ?" ಎಂದಳು ಹೆಂಡತಿ.

"ತಗಣಿ ಅಲ್ಲ, ಯಾರರ ಉರ್ಲ ಹಾಕ್ಕೊಂಡಿರಬೇಕು," ಎಂದ ಗಂಡ.

ಅವರೂ ಹೋದರು. ನೀಲಗಂಗವ್ವ ಮೆಟ್ಟಿಲ ಮೇಲೆ ಕುಸಿದಳು. ಅವಳು ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ಮಾರುವ ವ್ಯಾಪಾರಿಯ ಮಗಳು.

"ಗಿರಾಕಿ ಖಣ ಮುಟ್ಟಿ ನೋಡೂತನಕ ನಮ್ಮಪ್ಪ ರೇಟ್ ಬಾಯಿ ಬಿಡ್ತಿದ್ದಿಲ್ಲ. ನಾ ಹುಚ್ಚಿ, ಬಾಗಿಲದಾಗ ಡಂಗುರ ಹೊಡಕೊಂತ ಕುಂತೀನಿ," ಎಂದವಳೇ ಎದ್ದು ನನ್ನನ್ನು ಮೊಳೆಯಿಂದ ಕಿತ್ತಳು.

ಮುಂದಿನ ಬಸ್ಸಿನವರು ಒಳಗೇ ಬಂದು ಕೇಳಿದರು: "ಬಾಡಗಿ ಎಷ್ಟ್ರೀ?"

"ಮೊದಲ ಹಾಸಿಗಿ ಮ್ಯಾಲ ಕುಂಡ್ರಿ, ಬಿಸಿನೀರ ಮುಟ್ಟಿ ನೋಡ್ರಿ. ಆಮ್ಯಾಲ ಜಗಳಾಡೂಣು."

ಕೂತವರು ಏಳಲಿಲ್ಲ, ಆರುನೂರಕ್ಕೆ ಒಪ್ಪಿ ಅಲ್ಲೇ ಒರಗಿದರು. ಸಂಕ್ರಾಂತಿಯ ಹೊತ್ತಿಗೆ ರಾಚಪ್ಪ ತನ್ನ ಬೀಗರನ್ನು ಕರೆತಂದರೆ ಅವರಿಗೊಂದು ಮೂಲೆಯೂ ಇರಲಿಲ್ಲ. ಗೋದಾಮಿನ ಮಾತನ್ನು ಅವನು ಅಲ್ಲಿಗೇ ಕೈಬಿಟ್ಟ.

ನಾನೀಗ ಬಚ್ಚಲಿನಲ್ಲಿ ಹಂಡೆಯ ಮುಚ್ಚಳ. ನಾನು ಕೂಗಿದಷ್ಟು ದಿನ ಓಡಿಹೋದ ಜನ, ನಾನು ಸುಮ್ಮನಾದ ಮೇಲೆ ಬಂದರು. ಲಾಡ್ಜು ಉಳಿಯಿತೆಂಬ ಸಂತೋಷ ಒಂದು ಕಡೆ, ನನ್ನಿಂದಲ್ಲವೆಂಬ ಸಂಕಟ ಇನ್ನೊಂದು ಕಡೆ; ನಡುವೆ ಕೂತು ಗಡಗಡ ಅಲುಗುತ್ತೇನೆ.

ಮುಚ್ಚಳ ಅಲುಗಿದ ಸದ್ದಿಗೆ ನೀರು ಕುದಿಯಿತೆಂದುಕೊಂಡು ನೀಲಗಂಗವ್ವ ಉರಿ ತಗ್ಗಿಸುತ್ತಾಳೆ.