ತುಂಬಿ ಬಂದ ಗ್ಲಾಸು

ಮಗಳು ಒಂದನೆಯ ತರಗತಿಯಲ್ಲಿದ್ದಾಗ ತಾಯಿ ಆಡಿದ ಸುಳ್ಳು ಅದು. "ಅಮ್ಮಾ, ಹೋಟೆಲಲ್ಲಿ ನೀನೇನು ಕೆಲಸ ಮಾಡ್ತೀಯ?" ಎಂದು ಕೇಳಿದ್ದಕ್ಕೆ ತಾಯಿ, "ವೈನ್ ನೋಡ್ಕೊಳ್ತೀನಿ ಕಣೇ" ಎಂದಿದ್ದಳು. ನಿಜವಾಗಿ ಅವಳು ನೋಡಿಕೊಳ್ಳುತ್ತಿದ್ದುದು ವೈನ್ ಮುಗಿದ ಮೇಲಿನ ಗ್ಲಾಸುಗಳನ್ನು. ಅಡುಗೆಮನೆಯ ಹಿಂದಿನ ಸಿಂಕಿನ ಮುಂದೆ ಹತ್ತೊಂಬತ್ತು ವರ್ಷ ನಿಂತು, ಉದ್ದ ಕಾಲಿನ ಗ್ಲಾಸುಗಳನ್ನು ಬಿಸಿನೀರಿನಲ್ಲಿ ಅದ್ದಿ, ಬೆಳಕಿಗೆ ಹಿಡಿದು, ಅಂಚಿನಲ್ಲಿ ತುಟಿಬಣ್ಣ ಉಳಿದಿದ್ದರೆ ಮತ್ತೆ ಅದ್ದಿ, ಒರೆಸಿ ತಲೆಕೆಳಗಾಗಿ ತೂಗುಹಾಕುವ ಕೆಲಸ. ಒಂದು ಹನಿ ವೈನ್ ನಾಲಿಗೆಗೆ ಸೋಕಿಸಿದವಳಲ್ಲ.

ಮಕ್ಕಳ ಮುಂದೆ ಆಡಿದ ಮಾತು ಬಿತ್ತಿದ ಬೀಜದ ಹಾಗೆ, ನಾವು ಮರೆತರೂ ಅದು ಮೊಳೆಯದೆ ಬಿಡುವುದಿಲ್ಲ. ಮಗಳು ಪದವಿ ಮುಗಿಸಿದಳು. ಅವಳೂ ಅವಳ ಗೆಳತಿಯೂ ಸೇರಿ ಪಾರ್ಟಿ ಇಟ್ಟುಕೊಂಡರು. ಗೆಳತಿಯ ತಾಯಿ ಹಲ್ಲಿನ ಡಾಕ್ಟರು. ಮನೆ ಅವರದು, ಊಟ ಅವರದು. "ವೈನ್ ನಮ್ಮಮ್ಮ ಆರಿಸ್ತಾಳೆ ಆಂಟಿ, ಹೋಟೆಲಲ್ಲಿ ಅವಳ ಕೆಲಸಾನೇ ಅದಾಗಿತ್ತು" ಎಂದು ಮಗಳು ಎದೆಯುಬ್ಬಿಸಿ ಹೇಳಿಬಂದಳು. ಆಗಲೂ ತಾಯಿ ನಿಜ ಹೇಳಲಿಲ್ಲ.

ತಾಯಿ, ಮಗಳು, ಡಾಕ್ಟರಮ್ಮ ಮೂವರೂ ವೈನ್ ಅಂಗಡಿಗೆ ಹೋದರು. ಡಾಕ್ಟರಮ್ಮ ಬಾಡಿಗೆ ಗ್ಲಾಸುಗಳನ್ನು ನೋಡಲು ಆ ತುದಿಗೆ ನಡೆದರು. ತಾಯಿ ಸಾಲುಸಾಲು ಬಾಟಲಿಗಳ ಮುಂದೆ ನಿಂತು ನೆನಪನ್ನು ಕೆದಕಿದಳು. ಹೋಟೆಲಿನಲ್ಲಿ ಅತಿ ಹೆಚ್ಚು ಖಾಲಿಯಾಗಿ ಹಿಂಬಾಗಿಲಿಗೆ ಬರುತ್ತಿದ್ದುದು ಕೋಟೆಯ ಚಿತ್ರದ ಬಾಟಲಿ. ಹೆಚ್ಚು ಖಾಲಿಯಾದದ್ದೇ ಒಳ್ಳೆಯದು, ಮತ್ತಿನ್ನೇನು? ಅದು ಕೆಳಗಿನ ಹಲಗೆಯಲ್ಲಿ ಸಿಕ್ಕಿತು.

"ಇದು ಹನ್ನೆರಡು ಕೊಡಿ."

ಅಂಗಡಿಯ ಮುದುಕ ಕನ್ನಡಕ ಮೇಲೇರಿಸಿದ. "ಎಷ್ಟು ದೊಡ್ಡ ಹಂಡೆ ಇಟ್ಟಿದೀರಮ್ಮ ಒಲೆ ಮೇಲೆ?"

"ಅಂದ್ರೆ?"

"ಇದು ಅಡುಗೆಗೆ ಸುರಿಯೋದು. ಹೋಟೆಲಿನವರು ಮಾಂಸ ಬೇಯಿಸೋಕೆ ಒಯ್ತಾರೆ. ಬೆಳ್ಳಗಿರೋದೆಲ್ಲ ಹಾಲಲ್ಲ, ಕೆಂಪಗಿರೋದೆಲ್ಲ ಕುಡಿಯೋದಲ್ಲ."

ಮಗಳು ನಕ್ಕಳು. "ನಮ್ಮಮ್ಮ ನಿಮ್ಮನ್ನೇ ಪರೀಕ್ಷೆ ಮಾಡ್ತಿದಾಳೆ ತಾತ."

"ಹೂಂ" ಎಂದಳು ತಾಯಿ. ಆ ಒಂದು 'ಹೂಂ' ಅವಳ ಕಿವಿಯನ್ನೇ ಸುಟ್ಟಿತು.

"ಪಾಸಾದೆ ತಾನೆ? ಹಾಗಾದ್ರೆ ಕುಡಿಯೋಕೆ ಯಾವುದು, ನೀವೇ ಹೇಳಿ."

ನೆಲ ಬಾಯಿ ಬಿಡಬಾರದೆ ಎನಿಸಿತು. ಆದರೆ ಕೈಗೆ ಗೊತ್ತಿದ್ದದ್ದು ಬಾಯಿಗೆ ಬಂತು. "ಆ ಹಕ್ಕಿ ಚಿತ್ರದ ಬಿಳೀದು. ಆ ಬಾಟ್ಲಿ ಜೊತೆ ಗ್ಲಾಸು ಒಣಗಿದ ಹಾಗೆ ಬರ್ತಿತ್ತು. ಪಕ್ಕದ ಕಪ್ಪು ಬಾಟ್ಲಿದು ಯಾವಾಗಲೂ ಅರ್ಧ ಉಳೀತಿತ್ತು. ಪೂರ್ತಿ ತುಂಬಿದ ಗ್ಲಾಸು ಬಂದ್ರೆ ಮಾತ್ರ ಅದು ವೈನಿನ ತಪ್ಪಲ್ಲ. ಆ ಮೇಜಲ್ಲಿ ಮಾತು ಕೆಟ್ಟಿದೆ ಅಂತ."

ಮಗಳ ನಗು ನಿಂತಿತು. "ಬರ್ತಿತ್ತು ಅಂದ್ರೆ ಎಲ್ಲಿಂದಮ್ಮ?"

"ಮೇಜಿಂದ."

"ಎಲ್ಲಿಗೆ?"

ತಾಯಿ ತನ್ನ ಉಗುರು ನೋಡಿಕೊಂಡಳು. "ಸಿಂಕಿಗೆ."

ಮುದುಕ ಅರ್ಥವಾದವನಂತೆ ಒಳಗೆ ಪೆಟ್ಟಿಗೆ ತರಲು ಹೋದ. ಮಗಳು ತಗ್ಗಿದ ದನಿಯಲ್ಲಿ, "ಕೆಲಸದ ಇಂಟರ್‌ವ್ಯೂನಲ್ಲೂ ಹೇಳ್ಬಿಟ್ಟಿದೀನಿ, ನಮ್ಮಮ್ಮ ಹೋಟೆಲಲ್ಲಿ ವೈನ್ ನೋಡ್ಕೊಳ್ತಿದ್ಲು ಅಂತ. ಗ್ಲಾಸು ತೊಳೀತೀನಿ ಅಂದಿದ್ರೆ ನಾನೇನು ಅಳ್ತಿದ್ನಾ?" ಎಂದಳು. ಡಾಕ್ಟರಮ್ಮ ಇತ್ತ ಬರುವುದು ಕಂಡಿತು. "ಈಗ ಅವರಿಗೇನೂ ಹೇಳ್ಬೇಡ. ಸಾಕು" ಎಂದಳು ಮಗಳು.

ಪಾರ್ಟಿಯ ಮಧ್ಯಾಹ್ನದವರೆಗೂ ಮಗಳು ಬೇಕಾದಷ್ಟೇ ಮಾತಾಡಿದಳು. ಊಟ ಆಯ್ತಾ, ಬೀಗದಕೈ ಎಲ್ಲಿ, ಅಷ್ಟೆ.

ಯಾವ ಗ್ಲಾಸು ಯಾರದೆಂದು ತಿಳಿಯಲಿ ಎಂದು ಅವುಗಳ ಕಾಲಿಗೆ ಬಣ್ಣದ ದಾರ ಕಟ್ಟಿದ್ದರು, ಮಗಳದು ನೀಲಿ. ಡಾಕ್ಟರಮ್ಮ ಬಂದವರಿಗೆಲ್ಲ, "ವೈನ್ ಇವರ ಆಯ್ಕೆ. ತಿಳಿದವರ ಕೈ ನೋಡಿ" ಎನ್ನುತ್ತಿದ್ದರು. ಒಂದೊಂದು ಹೊಗಳಿಕೆಗೂ ತಾಯಿ ಒಂದೊಂದು ಹೆಜ್ಜೆ ಹಿಂದೆ ಸರಿದು, ಕೊನೆಗೆ ಅಡುಗೆಮನೆ ಸೇರಿ ರವಿಕೆಯ ತೋಳು ಮಡಿಸಿದಳು. ಯಾರೂ ಹೇಳಿರಲಿಲ್ಲ, ಕಾಲುಗಳು ತಾವಾಗಿ ಅವಳನ್ನು ಸಿಂಕಿನ ಮುಂದೆ ಒಯ್ದು ನಿಲ್ಲಿಸಿದವು.

ಟ್ರೇ ಬಂತು. ಕೆಂಪು ದಾರದ್ದು ಖಾಲಿ. ಹಳದಿಯದು ಖಾಲಿ. ಹಸಿರಿನದರಲ್ಲಿ ಒಂದು ಹನಿಯೂ ಇಲ್ಲ. ಹಕ್ಕಿಯ ವೈನ್ ಮಾನ ಉಳಿಸಿತ್ತು. ಮೂಲೆಯಲ್ಲಿ ನೀಲಿ ದಾರದ್ದು, ಅಂಚಿನವರೆಗೆ ತುಂಬಿಕೊಂಡು ಹಾಗೇ ನಿಂತಿತ್ತು.

ಅದನ್ನು ಚೆಲ್ಲಲು ಅವಳಿಗೆ ಕೈ ಬರಲಿಲ್ಲ. ಗ್ಲಾಸಿನ ಕಾಲನ್ನು ಒರೆಸಿ, ತುಳುಕದಂತೆ ಹಿಡಿದು ಹಜಾರಕ್ಕೆ ಬಂದಳು. ಸೆರಗು ಒದ್ದೆ, ಮೊಣಕೈಯಲ್ಲಿ ಸೋಪಿನ ನೊರೆ.

"ಡಾಕ್ಟರಮ್ಮಾ, ನಾನು ವೈನ್ ತಿಳಿದವಳಲ್ಲ. ಆ ಹೋಟೆಲಲ್ಲಿ ಗ್ಲಾಸು ತೊಳೀತಿದ್ದೆ. ಇವಳಿಗೆ ಗೊತ್ತಿರಲಿಲ್ಲ. ಇವಳು ಹೇಳಿದ್ದು ಸುಳ್ಳಲ್ಲ, ಇವಳಿಗೆ ನಾನು ಹೇಳಿದ್ದು ಸುಳ್ಳು."

ಯಾರೋ ತಟ್ಟೆ ಕೆಳಗಿಟ್ಟ ಸದ್ದಾಯಿತು. "ಅಯ್ಯೋ, ಅದಕ್ಕೇನಂತೆ ಬಿಡಿ" ಎಂದರು ಡಾಕ್ಟರಮ್ಮ, ಬಲು ಮೆತ್ತಗೆ. ಅವರು ಬೈದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು. ತಾಯಿ ಗ್ಲಾಸನ್ನು ಮಗಳ ಮುಂದೆ ಹಿಡಿದಳು. ಮಗಳು ಅವಳ ಮುಖ ನೋಡಲಿಲ್ಲ. ಆದರೆ ಕೈ ಚಾಚಿ ತೆಗೆದುಕೊಂಡಳು.

ತಾಯಿ ಸಿಂಕಿಗೆ ಮರಳಿದಳು. ಮುಂದಿನ ಟ್ರೇ ಬಂದಾಗ ಬೇರೆ ಯಾವುದನ್ನೂ ಮುಟ್ಟದೆ ನೀಲಿ ದಾರವನ್ನೇ ಹುಡುಕಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

ಅರ್ಧ ಇಳಿದಿತ್ತು.