ಕಾಲಡಿಯಲ್ಲಿಲ್ಲದ ಪೆಡಲ್

ಬೆಳಿಗ್ಗೆ ತಿಂಡಿ ತಿಂದೆನೋ ಇಲ್ಲವೋ ನೆನಪಾಗುತ್ತಿಲ್ಲ, ಇದನ್ನು ಯಾರ ಹತ್ತಿರ ಕೇಳುವುದು, ಕೇಳಿದರೆ ನಗುತ್ತಾರೆ — ಆಫೀಸಿನ ಮೈಕ್ರೋವೇವ್ ಒಳಗೆ ಹಳದಿ ಬೆಳಕು, ಗಾಜಿನ ತಟ್ಟೆ ಮೆಲ್ಲಗೆ ಸುತ್ತುತ್ತಿದೆ, ಫೋನು ಊಟ ಎಂದು ಕೂಗಿತು, ಎದ್ದು ಬಂದೆ, ಅಷ್ಟೇ ಗೊತ್ತು. ಊಟಕ್ಕೊಂದು ಅಲಾರಂ, ನೀರಿಗೊಂದು, ಅಮ್ಮನಿಗೆ ಫೋನ್ ಮಾಡಲು ಒಂದು, ಸುಮ್ಮನೆ ಕೂರಲಿಕ್ಕೂ ಒಂದು, ಅದು ಹೊಡೆದಾಗಲೆಲ್ಲ ಬೆಚ್ಚಿಬೀಳುತ್ತೇನೆ. ಹೊತ್ತನ್ನು ಹಿಡಿತದಲ್ಲಿಟ್ಟುಕೊಂಡರೆ ದಣಿವೇ ಆಗುವುದಿಲ್ಲವಂತೆ, ಯಾವುದೋ ವಿಡಿಯೋದಲ್ಲಿ ಒಬ್ಬಳು ನಗುನಗುತ್ತಾ ಹೇಳಿದ್ದಳು, ನಾನೂ ಹೊತ್ತನ್ನು ಹಿಡಿದೆ, ನನ್ನದು ಡಾಕ್ಟರುಗಳು ಮಾತಾಡಿ ಕಳಿಸಿದ ರೆಕಾರ್ಡಿಂಗ್ ಕೇಳಿ ಟೈಪು ಮಾಡುವ ಕೆಲಸ, ಕಿವಿಯಲ್ಲಿ ಅವರ ದನಿ, ಕಾಲಡಿ ಪೆಡಲು, ಎಡತುದಿ ಒತ್ತಿದರೆ ದನಿ ನಿಂತು ಹಿಂದಕ್ಕೆ ಹೋಗುತ್ತದೆ — ಎಲ್ಲರಿಗಿಂತ ಮೊದಲು ಮುಗಿಸಿದೆ, ಮುಗಿಸಿದ್ದಕ್ಕೆ ಮೇಡಂ ಇನ್ನಷ್ಟು ಕೊಟ್ಟರು, ನೀನಾದ್ರೆ ಮಾಡ್ಬಿಡ್ತೀಯಮ್ಮ, ಅದನ್ನೂ ಮುಗಿಸಿದೆ, ಇನ್ನಷ್ಟು, ಉಳಿಸಿದ ಹೊತ್ತು ಒಂದು ದಿನವೂ ನನ್ನದಾಗಲಿಲ್ಲ. ಭಾನುವಾರ ಅಕ್ಕ ಊಟಕ್ಕೆ ಕೂತು ಏನೋ ಹೇಳುತ್ತಿದ್ದಳು, ಅಳುತ್ತಿದ್ದಳೇನೋ, ಒಂದು ಮಾತು ಕಿವಿ ತಪ್ಪಿತು, ಮೇಜಿನ ಕೆಳಗೆ ನನ್ನ ಎಡಗಾಲು ನೆಲ ಒತ್ತಿತು, ಒತ್ತಿಕೊಂಡು ಕಾಯುತ್ತಾ ಕೂತೆ, ಅವಳು ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತಾಳೆ ಅಂತ — ನಿನ್ಗೆ ಹೇಳಿ ಏನ್ ಬಂತು ಕಣೇ, ಗೋಡೆಗೆ ಹೇಳ್ದ ಹಾಗೆ, ತಟ್ಟೆ ತೆಗೆದುಕೊಂಡು ಎದ್ದೇಬಿಟ್ಟಳು, ಆ ಮಾತು ಏನಿತ್ತೋ ಇವತ್ತಿಗೂ ಗೊತ್ತಿಲ್ಲ.

ಈಗ ಬಾಣಂತನಕ್ಕೆ ಹೋದ ಪಕ್ಕದ ಸೀಟಿನವಳ ಫೈಲುಗಳೂ ನನಗೇ ಅಂತೆ, ಊಟ ಮುಗ್ಸಿ ಬಂದು ಹೂಂ ಅಂದ್ಬಿಡು ಅಂದಿದ್ದಾರೆ ಮೇಡಂ, ಹೂಂ ಅಂದರೆ ಭಾನುವಾರವೂ ಹೋಯಿತು, ಅಕ್ಕನೂ ಹೋದಳು, ಆಗಲ್ಲ ಅನ್ನಬೇಕು, ಡೈರಿಯಲ್ಲಿ ಎಷ್ಟು ಚೆನ್ನಾಗಿ ಬರೆಯುತ್ತೇನೆ ಅದನ್ನು, ಬಾಯಿಗೆ ಬರುವಷ್ಟರಲ್ಲಿ ಆಯ್ತು ಮೇಡಂ ಆಗಿಬಿಡುತ್ತದೆ — ಬೆನ್ನ ಹಿಂದೆ ಅಕೌಂಟ್ಸಿನವರು, ಕೈಯಲ್ಲಿ ಡಬ್ಬಿ, ಏನ್ರೀ ಗಡಿಯಾರ, ಅಲಾರಂ ಕೇಳಿ ಕೇಳಿ ನನಗಿಟ್ಟ ಹೆಸರು, ಗಾಳಿ ಬಿಸಿ ಮಾಡ್ಕೋತಿದೀರಾ, ಗಾಳಿಯಾ, ನೋಡುತ್ತೇನೆ, ನನ್ನ ಡಬ್ಬಿ ಒಳಗಿಲ್ಲ, ಮೇಜಿನ ಹತ್ತಿರ ಚೀಲದಲ್ಲೇ ಇದೆ, ಖಾಲಿ ತಟ್ಟೆ ಸುತ್ತುತ್ತಿದೆ, ನಗಬೇಕು, ನಗು ಬರುತ್ತಿಲ್ಲ, ಎಡಗಾಲು ನೆಲ ಒತ್ತುತ್ತಿದೆ, ನಿಲ್ಲು, ಹಿಂದಕ್ಕೆ ಹೋಗು, ಬೆಳಿಗ್ಗೆಗೆ, ಭಾನುವಾರಕ್ಕೆ, ಅಕ್ಕನ ಆ ಒಂದು ಮಾತಿಗೆ, ನಿಲ್ಲುತ್ತಿಲ್ಲ, ಬಾಗಿಲಲ್ಲಿ ಮೇಡಂ, ಏನಮ್ಮ, ಹೂಂ ತಾನೆ, ಆಯ್ತು ಅಂತ ತುಟಿ ಅಲ್ಲಾಡಿತು, ಮೆಷೀನಿನ ಗುಂಯ್ ಸದ್ದು ನುಂಗಿಕೊಂಡಿತು, ಏನಂದೆ, ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು ಅಂದರು ಮೇಡಂ — ನನ್ನನ್ನೇ ಯಾರೋ ಒತ್ತಿ ಹಿಂದಕ್ಕೆ ಕಳಿಸಿದ ಹಾಗೆ, ಖಾಲಿ ಗಾಜು, ಹಳದಿ ಬೆಳಕು — ನನ್ನ ಕೈಲಿ ಆಗ್ತಿಲ್ಲ ಮೇಡಂ, ಅಂದೆ, ಗಟ್ಟಿಯಾಗಿ ಅಂದೆ, ತಟ್ಟೆ ಸುತ್ತುತ್ತಿದೆ, ಖಾಲಿ ತಟ್ಟೆ, ಸುತ್ತುತ್ತಲೇ ಇದೆ